78 ಸೆಂಟಿನ ಸ್ಟಾಂಪು, 38 ಲಕ್ಷ ಕೋಟಿ ಸಾಲ: ರಿಪಬ್ಲಿಕನ್ ನಾಯಕರಿಗೊಂದು ಬಹಿರಂಗ ಪತ್ರ

ರಿಪಬ್ಲಿಕನ್ ಪಕ್ಷದ ನಾಯಕರಿಗೆ,

ಓಹಾಯೋದಿಂದ ನಿಮ್ಮ ಹಳೆಯ ಮತದಾರನೊಬ್ಬನ ನಮಸ್ಕಾರ.

ಹೋದ ವಾರ ಮನೆಗೆ ಒಂದು ದಪ್ಪ ಲಕೋಟೆ ಬಂತು. ಪಕ್ಷದ ಹೆಸರಲ್ಲಿ ದೇಣಿಗೆ ಎತ್ತುವ ಯಾವುದೋ ಸಮಿತಿಯದು. ಅಂಥವು ಬೇಕಾದಷ್ಟಿವೆ, ಯಾವುದು ಅನ್ನೋದು ಇಲ್ಲಿ ಮುಖ್ಯವಲ್ಲ. ಮೇಲೆ ಕೆಂಪಕ್ಷರದಲ್ಲಿ 'ತುರ್ತು' ಅಂತಿತ್ತು. ಒಳಗೆ ನಾಲ್ಕು ಪುಟದ ಕಾಗದ, ಜೊತೆಗೆ ಒಂದು 'ಸಮೀಕ್ಷೆ'. ಸರ್ಕಾರದ ದುಂದುವೆಚ್ಚ ನಿಲ್ಲಬೇಕು ಅಂತ ನಿಮಗೆ ಅನಿಸುತ್ತದೆಯೇ? ಹೌದು, ಇಲ್ಲ, ಗೊತ್ತಿಲ್ಲ. ನಿಮ್ಮ ಮಕ್ಕಳ ತಲೆಯ ಮೇಲೆ ಸಾಲ ಹೊರಿಸುವುದು ಸರಿಯೇ? ಹೌದು, ಇಲ್ಲ, ಗೊತ್ತಿಲ್ಲ. ಹೀಗೆ ಹತ್ತು ಪ್ರಶ್ನೆ. ಹನ್ನೊಂದನೆಯದು ಮಾತ್ರ ಬೇರೆ ಥರ. 35 ಡಾಲರ್, 50 ಡಾಲರ್, 100 ಡಾಲರ್, ಇತರೆ. ಅಲ್ಲಿ 'ಗೊತ್ತಿಲ್ಲ' ಅನ್ನುವ ಚೌಕ ಇರಲಿಲ್ಲ.

ವಾಪಸ್ ಕಳಿಸುವ ಲಕೋಟೆಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಒಂದು ಸಾಲು. ಸ್ಟಾಂಪು ಕಡ್ಡಾಯವಲ್ಲ, ಆದರೆ ನೀವೇ ಹಚ್ಚಿದರೆ ನಮಗೆ ಖರ್ಚು ಉಳಿಯುತ್ತದೆ, ಅಂತ.

ಅದನ್ನು ಓದಿ ನಗು ಬಂತು. ಆಮೇಲೆ ಸಿಟ್ಟು ಬಂತು. 78 ಸೆಂಟ್ ಉಳಿಸುವ ಬುದ್ಧಿ ಇರುವವರಿಗೆ ಮಿಕ್ಕದ್ದೆಲ್ಲ ಯಾಕೆ ತಿಳಿಯುತ್ತಿಲ್ಲ? ಸಮೀಕ್ಷೆಯಲ್ಲಿ ಬರೆಯಲು ಜಾಗ ಇರಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಕನ್ನಡದಲ್ಲಿ ಯಾಕೆ ಅಂತೀರಾ? ಇಂಗ್ಲಿಷಿನಲ್ಲಿ ಬರೆದು ನೋಡಿದ್ದೇನೆ. ಎರಡು ವರ್ಷದ ಹಿಂದೆ ಒಬ್ಬ ಜನಪ್ರತಿನಿಧಿಯ ಕಚೇರಿಗೆ ದೇಶದ ಸಾಲದ ಬಗ್ಗೆ ಮೂರು ಪುಟ ಬರೆದೆ. ಆರು ವಾರದ ಮೇಲೆ ಉತ್ತರ ಬಂತು. ಅಂಚೆ ಇಲಾಖೆಯ ಬಗ್ಗೆ ನಿಮ್ಮ ಅಭಿಪ್ರಾಯ ತಿಳಿಸಿದ್ದಕ್ಕೆ ಧನ್ಯವಾದ ಅಂತ. ಸಹಿ ಮಾತ್ರ ಚೆನ್ನಾಗಿ ಅಚ್ಚಾಗಿತ್ತು. ಅದಕ್ಕೆ, ನೀವು ಓದದಿದ್ದರೂ ಈ ದೇಶದಲ್ಲಿ ತೆರಿಗೆ ಕಟ್ಟುವ ನಮ್ಮ ಕನ್ನಡದವರಾದರೂ ಓದಲಿ ಅಂತ.

ನನ್ನ ಪರಿಚಯ ಸಣ್ಣದು. ಚಿಕ್ಕ ವ್ಯಾಪಾರಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಒಂದು ಪಿಜ್ಜಾ ಅಂಗಡಿ, ಎರಡು ಲಾರಿಯ ಒಂದು ಸಾಗಣೆ ಕಂಪನಿ, ಒಬ್ಬ ಹಲ್ಲಿನ ಡಾಕ್ಟರು, ಇಂಥವರು ನನ್ನ ಗಿರಾಕಿಗಳು. ನನಗೀಗ 62. 2003ರಲ್ಲಿ ಇಲ್ಲಿನ ಪೌರತ್ವ ಸಿಕ್ಕಿತು. ಅಂದಿನಿಂದ ಒಂದು ಚುನಾವಣೆಯನ್ನೂ ಬಿಟ್ಟಿಲ್ಲ, ಪ್ರತಿ ಸಲ ನಿಮಗೇ ಹಾಕಿದ್ದೇನೆ. ಕನ್ಸರ್ವೇಟಿವ್ ಅಂದ ತಕ್ಷಣ ಗೆಳೆಯರು ಬಂದೂಕು, ಗರ್ಭಪಾತ, ಗಡಿಯ ಗೋಡೆ ಅಂತ ಜಗಳಕ್ಕೆ ಬರುತ್ತಾರೆ. ನಾನು ಈ ಪಕ್ಷಕ್ಕೆ ಬಂದದ್ದು ಅದ್ಯಾವುದಕ್ಕೂ ಅಲ್ಲ. ಲೆಕ್ಕಕ್ಕೆ. ಬಂದದ್ದಕ್ಕಿಂತ ಜಾಸ್ತಿ ಖರ್ಚು ಮಾಡಬಾರದು, ಮಾಡಿದರೆ ಒಪ್ಪಿಕೊಳ್ಳಬೇಕು ಅನ್ನುವ ಪಕ್ಷ ಇದು ಅಂದುಕೊಂಡು ಬಂದೆ.

ಬಂದ ವರ್ಷವೇ ನನಗೆ ಪಾಠ ಆಗಬೇಕಿತ್ತು. 2003ರ ನವೆಂಬರ್ 22. ವಯಸ್ಸಾದವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ ಮೆಡಿಕೇರ್‌ಗೆ ಔಷಧಿಯ ಖರ್ಚನ್ನೂ ಸೇರಿಸುವ ಮಸೂದೆ ಕೆಳಮನೆಯಲ್ಲಿ ಮತಕ್ಕೆ ಬಂದಾಗ ಬೆಳಗಿನ ಜಾವ ಮೂರು ಗಂಟೆ. ಮಾಮೂಲಾಗಿ ಹದಿನೈದು ನಿಮಿಷದಲ್ಲಿ ಮುಗಿಯುವ ಮತದಾನ. ಅವತ್ತು ಸೋಲುವಂತೆ ಕಂಡಿತು. ಸ್ಪೀಕರ್ ಡೆನ್ನಿಸ್ ಹ್ಯಾಸ್ಟರ್ಟ್ ಹೆಚ್ಚುಕಮ್ಮಿ ಮೂರು ಗಂಟೆ ಮತದಾನ ಮುಗಿಸದೆ ಎಳೆದರು. ಒಬ್ಬೊಬ್ಬರನ್ನೇ ಹಿಡಿದು ಮನವೊಲಿಸಿ, ಬೆಳಗಾಗುವ ಹೊತ್ತಿಗೆ ಪರ 220, ವಿರುದ್ಧ 215 ಆಗಿ ಪಾಸಾಯಿತು. ಅವತ್ತು ಒಬ್ಬ ಸದಸ್ಯನ ಮತಕ್ಕೆ ಬದಲಾಗಿ ಅವನ ಮಗನ ಚುನಾವಣೆಗೆ ಬೆಂಬಲ ಕೊಡುತ್ತೇನೆ ಅಂದದ್ದಕ್ಕೆ, ನಿಮ್ಮ ಬಹುಮತದ ನಾಯಕ ಟಾಮ್ ಡಿಲೇ ಅವರಿಗೆ ಮುಂದಿನ ವರ್ಷ ಸದನದ ನೀತಿ ಸಮಿತಿಯೇ ಛೀಮಾರಿ ಹಾಕಿತು. ಔಷಧಿ ಕೊಡುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಅದಕ್ಕೆ ದುಡ್ಡು ಎಲ್ಲಿಂದ ಅನ್ನೋದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಸಾಲದಿಂದ, ಅಷ್ಟೇ. ಇದನ್ನು ಮಾಡಿದ್ದು ಎದುರು ಪಕ್ಷವಲ್ಲ.

ಅದಕ್ಕೂ ಮೊದಲು, 1998ರಿಂದ 2001ರವರೆಗೆ, ನಾಲ್ಕು ವರ್ಷ ಈ ದೇಶದ ಬಜೆಟ್ಟಿನಲ್ಲಿ ದುಡ್ಡು ಉಳಿದಿತ್ತು. ಅಧ್ಯಕ್ಷರು ಡೆಮೊಕ್ರಾಟ್, ಸದನ ನಮ್ಮದು. ಒಬ್ಬರನ್ನೊಬ್ಬರು ನಂಬದ ಕಾರಣಕ್ಕೆ ಉಳಿಯಿತೋ ಏನೋ. ಜಾರ್ಜ್ ಬುಷ್ ಬಂದಾಗ ಸಾಲ ಸುಮಾರು 5.7 ಟ್ರಿಲಿಯನ್. ಟ್ರಿಲಿಯನ್ ಅಂದರೆ ನಮ್ಮ ಲೆಕ್ಕದಲ್ಲಿ ಒಂದು ಲಕ್ಷ ಕೋಟಿ, ಅದೂ ಡಾಲರಿನಲ್ಲಿ. ಅವರು ಹೋಗುವಾಗ 10.6 ಲಕ್ಷ ಕೋಟಿ. ಒಬಾಮಾ ಅದನ್ನು 20ರ ಹತ್ತಿರ ತಂದರು. ಅವರನ್ನು ನಾವು ಬೈದೆವು, ನಾನೂ ಬೈದೆ. ಟ್ರಂಪ್ ಮೊದಲ ಸಲ ಬಂದು ಹೋಗುವಷ್ಟರಲ್ಲಿ 27 ದಾಟಿತು. ಬೈಡನ್ ಹೋಗುವಾಗ 36. 2025ರ ಅಕ್ಟೋಬರಿನಲ್ಲಿ 38 ದಾಟಿತು. ಬಾವುಟದ ಬಣ್ಣ ಬದಲಾದಾಗ ಈ ಗೆರೆ ಎಲ್ಲಾದರೂ ಬಗ್ಗಿದೆಯಾ ಅಂತ ನೀವೇ ನೋಡಿ.

2009ರ ಏಪ್ರಿಲ್ 15 ನನಗೆ ಚೆನ್ನಾಗಿ ನೆನಪಿದೆ. ತೆರಿಗೆ ಲೆಕ್ಕ ಸಲ್ಲಿಸಲು ಅದೇ ಕೊನೆಯ ದಿನ. ನನ್ನಂಥವರಿಗೆ ಅವತ್ತು ತಲೆ ಎತ್ತಲೂ ಬಿಡುವಿರುವುದಿಲ್ಲ. ಆದರೂ ಮಧ್ಯಾಹ್ನ ಆಫೀಸಿಗೆ ಬೀಗ ಹಾಕಿ, ಸರ್ಕಾರದ ಖರ್ಚು, ಸಾಲದ ವಿರುದ್ಧ ಎದ್ದಿದ್ದ ಟೀ ಪಾರ್ಟಿಯವರ ಸಭೆಗೆ ಹೋದೆ. ಜಿಟಿಜಿಟಿ ಮಳೆ. ರಟ್ಟಿನ ಮೇಲೆ ನನ್ನ ಹೆಂಡತಿ ಬರೆದುಕೊಟ್ಟ ಅಕ್ಷರ ಕರಗಿ, ನೀಲಿ ಶಾಯಿ ಅಂಗಿಯ ತೋಳಿನ ಒಳಗೆ ಇಳಿಯಿತು. ಅಲ್ಲಿದ್ದವರಲ್ಲಿ ನನ್ನ ಬಣ್ಣದವನು ನಾನೊಬ್ಬನೇ. ಒಬ್ಬ ಮುದುಕ ತನ್ನ ಕೊಡೆಯ ಅರ್ಧ ನನಗೆ ಕೊಟ್ಟ. ಹಿಂದಿನ ವರ್ಷವಷ್ಟೇ ಬ್ಯಾಂಕುಗಳನ್ನು ಉಳಿಸಲು 70,000 ಕೋಟಿ ಡಾಲರಿನ ಕಾಯ್ದೆ ಆಗಿತ್ತು. ಆ ಮುದುಕನಿಗೆ ಅದಕ್ಕೆ ಸಹಿ ಹಾಕಿದ ಬುಷ್ ಮೇಲೆ ಒಬಾಮಾ ಮೇಲಿದ್ದಷ್ಟೇ ಸಿಟ್ಟು. ಅದು ನನಗೆ ಹಿಡಿಸಿತು. ಇಲ್ಲಿ ಪಕ್ಷ ನೋಡಿ ಲೆಕ್ಕ ಮಾಡುವುದಿಲ್ಲ ಅನಿಸಿತು.

ಮುಂದಿನ ವರ್ಷ ನಾವು ನಿಮಗೆ ಕೆಳಮನೆಯಲ್ಲಿ 63 ಸೀಟು ಜಾಸ್ತಿ ತಂದುಕೊಟ್ಟೆವು. ನೀವೂ ಸ್ವಲ್ಪ ದಿನ ನೆಟ್ಟಗಿದ್ದಿರಿ. ಅದನ್ನೂ ಹೇಳಬೇಕು. 2011ರಲ್ಲಿ ಖರ್ಚಿಗೆ ಮಿತಿ ಹಾಕುವ ಕಾಯ್ದೆ ತಂದಿರಿ, ಅದು ಒಂದೆರಡು ವರ್ಷ ನಿಜಕ್ಕೂ ಕೆಲಸ ಮಾಡಿತು. ಅದೇ ವರ್ಷ 'ಇಯರ್‌ಮಾರ್ಕ್' ನಿಲ್ಲಿಸಿದಿರಿ.

ಈ ಇಯರ್‌ಮಾರ್ಕ್ ಕಥೆ ಸ್ವಲ್ಪ ಬಿಡಿಸಿ ಹೇಳಬೇಕು. ಒಬ್ಬ ಸದಸ್ಯ ದೊಡ್ಡ ಮಸೂದೆಯೊಂದರ ಹೊಟ್ಟೆಯಲ್ಲಿ ತನ್ನ ಊರಿಗೆ ಮಾತ್ರ ಸಲ್ಲುವ ಒಂದು ರಸ್ತೆ, ಒಂದು ಮ್ಯೂಸಿಯಂ, ಒಂದು ಸೇತುವೆ ಸೇರಿಸುತ್ತಾನೆ. ನಿನ್ನದಕ್ಕೆ ನಾನು ಕೈ ಎತ್ತುತ್ತೇನೆ, ನನ್ನದಕ್ಕೆ ನೀನು ಎತ್ತು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. 1987ರಲ್ಲಿ ಹೆದ್ದಾರಿ ಮಸೂದೆಯೊಂದರಲ್ಲಿ ಇಂಥವು ನೂರಕ್ಕೂ ಜಾಸ್ತಿ ಇದ್ದವು ಅಂತ ಆಗಿನ ಅಧ್ಯಕ್ಷ ರೇಗನ್ ಅದನ್ನು ವಾಪಸ್ ಎಸೆದರು. ಕಾಂಗ್ರೆಸ್ ಅವರ ಮಾತು ಮೀರಿ ಪಾಸು ಮಾಡಿತು, ಅದು ಬೇರೆ. ಎಸೆದರಲ್ಲ, ಅದು ಮುಖ್ಯ. 2005ರ ಹೆದ್ದಾರಿ ಮಸೂದೆಯಲ್ಲಿ ಇಂಥವು ಆರು ಸಾವಿರಕ್ಕೂ ಹೆಚ್ಚು. ಅಲಾಸ್ಕಾದ ಕೆಚಿಕಾನ್ ಊರಿನಿಂದ ಐವತ್ತು ಜನ ಇರುವ ಗ್ರಾವಿನಾ ದ್ವೀಪಕ್ಕೆ ಒಂದು ಸೇತುವೆ, ಅದಕ್ಕೆ 22 ಕೋಟಿ ಡಾಲರಿಗೂ ಮೇಲೆ. ಆ ದ್ವೀಪದಲ್ಲಿ ಊರಿನ ವಿಮಾನ ನಿಲ್ದಾಣ ಇದೆ ಅನ್ನುವುದು ನಿಜ. ದೋಣಿಯೂ ಇದೆ. ಸದನವೂ ನಮ್ಮದು, ಸೆನೆಟ್ಟೂ ನಮ್ಮದು, ಸಹಿ ಹಾಕಿದ ಅಧ್ಯಕ್ಷರೂ ನಮ್ಮವರು. ಜನ ನಕ್ಕ ಮೇಲೆ ಸೇತುವೆಯ ಹೆಸರು ತೆಗೆದರು, ದುಡ್ಡನ್ನು ಅಲಾಸ್ಕಾಕ್ಕೇ ಬಿಟ್ಟರು.

ಇಷ್ಟೆಲ್ಲ ಆಗಿ 2011ರಲ್ಲಿ ನಿಲ್ಲಿಸಿದ್ದನ್ನು 2021ರಲ್ಲಿ ಡೆಮೊಕ್ರಾಟರು ವಾಪಸ್ ತಂದರು. ನೀವೇನು ಮಾಡಿದಿರಿ? ಕೆಳಮನೆಯ ನಮ್ಮ ಸದಸ್ಯರೆಲ್ಲ ಬಾಗಿಲು ಹಾಕಿಕೊಂಡು ಮತ ಹಾಕಿದರು. ನಮಗೂ ಇರಲಿ ಅಂದವರು 102, ಬೇಡ ಅಂದವರು 84. ಗುಪ್ತ ಮತದಾನ. ಅಂದರೆ ನನ್ನ ಪ್ರತಿನಿಧಿ ಯಾವ ಕಡೆ ಇದ್ದರು ಅನ್ನುವುದು ನನಗೆ ಇವತ್ತಿಗೂ ಗೊತ್ತಿಲ್ಲ. ಮೊನ್ನೆಯ ಸಮೀಕ್ಷೆಯಲ್ಲಿ ನಾನು ಮಾತ್ರ ಹೆಸರು, ವಿಳಾಸ, ಫೋನ್ ನಂಬರು ಎಲ್ಲ ಬರೆಯಬೇಕಂತೆ.

ಇನ್ನು 2018ರ ಮಾರ್ಚ್. ಆಗಲೂ ಮೂರೂ ಕಡೆ ನೀವೇ. ಬುಧವಾರ ಸಂಜೆ 2,232 ಪುಟದ ಖರ್ಚಿನ ಮಸೂದೆ ಹೊರಗೆ ಬಂತು. 1.3 ಲಕ್ಷ ಕೋಟಿ ಡಾಲರಿನದು. ಗುರುವಾರ ಮಧ್ಯಾಹ್ನದ ಹೊತ್ತಿಗೆ ಕೆಳಮನೆಯಲ್ಲಿ ಪಾಸಾಗಿತ್ತು. ಕಣ್ಣು ಮುಚ್ಚದೆ ಓದಿದರೂ ನಿಮಿಷಕ್ಕೆ ಎರಡು ಪುಟಕ್ಕಿಂತ ಜಾಸ್ತಿ ಓದಬೇಕಿತ್ತು. ಮಸೂದೆ ಓದಲು ಮೂರು ದಿನ ಕೊಡುತ್ತೇವೆ ಅನ್ನುವುದು ನೀವೇ ಮಾಡಿಕೊಂಡ ನಿಯಮ, ಅದನ್ನು ನೀವೇ ಪಕ್ಕಕ್ಕಿಟ್ಟಿರಿ. ನನ್ನ ಪಿಜ್ಜಾ ಅಂಗಡಿಯವನು ಫ್ರಿಜ್ಜಿನ ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಎರಡು ದಿನ ತಗೋತಾನೆ. ಶುಕ್ರವಾರ ಟ್ರಂಪ್ ಸಹಿ ಹಾಕಿದರು. ಇಂಥ ಮಸೂದೆಗೆ ಮತ್ತೆ ಎಂದೂ ಸಹಿ ಹಾಕುವುದಿಲ್ಲ ಅಂತಲೂ ಹೇಳಿದರು. ನಾನು ಟಿವಿ ಮುಂದೆ ಚಪ್ಪಾಳೆ ತಟ್ಟಿದೆ. 2020ರ ಡಿಸೆಂಬರಿನಲ್ಲಿ ಅವರೇ 5,593 ಪುಟದ ಮಸೂದೆಗೆ ಸಹಿ ಹಾಕಿದರು.

1974ರ ಬಜೆಟ್ ಕಾಯ್ದೆಯ ಪ್ರಕಾರ ಖರ್ಚಿನ ಮಸೂದೆಗಳೆಲ್ಲ ಅಕ್ಟೋಬರ್ 1ರ ಒಳಗೆ, ಒಂದೊಂದಾಗಿ ಚರ್ಚೆಯಾಗಿ ಮುಗಿಯಬೇಕು. ಈಗ ಅವು ಹನ್ನೆರಡು. ಇಷ್ಟು ವರ್ಷದಲ್ಲಿ ಪೂರ್ತಿ ಸಮಯಕ್ಕೆ ಸರಿಯಾಗಿ ಮುಗಿದದ್ದು ನಾಲ್ಕೇ ಸಲ. ಕೊನೆಯ ಸಲ 1997ರ ಬಜೆಟ್ಟಿಗೆ. ನನ್ನ ಗಿರಾಕಿಯೊಬ್ಬ ಇಷ್ಟು ಸಲ ಲೆಕ್ಕ ತಡ ಮಾಡಿದ್ದರೆ ದಂಡ ಕಟ್ಟಿ ಕಟ್ಟಿ ಅಂಗಡಿ ಮುಚ್ಚುತ್ತಿದ್ದ.

ಈಗ 2025ಕ್ಕೆ ಬರೋಣ. ನಿಜ ಹೇಳಬೇಕೆಂದರೆ ನಾನು ಈ ಪತ್ರಕ್ಕೆ ಕೂತದ್ದೇ ಇದಕ್ಕೆ.

ಜುಲೈ 4ರಂದು, ಟ್ರಂಪ್ 'ದೊಡ್ಡ ಸುಂದರ' ಅಂತ ಕರೆದ ತೆರಿಗೆ ಮತ್ತು ಖರ್ಚಿನ ಮಸೂದೆಗೆ ಸಹಿ ಬಿತ್ತು. ಸೆನೆಟ್ಟಿನಲ್ಲಿ 50–50 ಆಗಿ ಉಪಾಧ್ಯಕ್ಷ ವ್ಯಾನ್ಸ್ ಮತ ಹಾಕಬೇಕಾಯಿತು. ಕೆಳಮನೆಯಲ್ಲಿ 218–214. ಕಾಂಗ್ರೆಸ್ಸಿನದೇ ಬಜೆಟ್ ಕಚೇರಿ ಹೇಳಿದ ಪ್ರಕಾರ ಹತ್ತು ವರ್ಷದಲ್ಲಿ ಕೊರತೆ 3.4 ಲಕ್ಷ ಕೋಟಿ ಡಾಲರ್ ಜಾಸ್ತಿಯಾಗುತ್ತದೆ. ಅದರಲ್ಲೇ ಸಾಲದ ಮಿತಿಯನ್ನು 5 ಲಕ್ಷ ಕೋಟಿ ಏರಿಸಿಕೊಂಡಿರಿ. ತೆರಿಗೆ ಇಳಿಸಿದ್ದಕ್ಕೆ ನನ್ನ ತಕರಾರಿಲ್ಲ. ನನ್ನ ಗಿರಾಕಿಗಳಿಗೆ ಅನುಕೂಲವಾಗಿದೆ, ನನಗೂ ಆಗಿದೆ. ನನ್ನ ಹೊಟ್ಟೆ ಉರಿದದ್ದು ನೀವು ಲೆಕ್ಕ ತೋರಿಸಿದ ರೀತಿಗೆ.

ಓದುಗರಿಗೆ ಇದು ಅರ್ಥವಾಗಬೇಕು. 2017ರಲ್ಲಿ ತೆರಿಗೆ ಇಳಿಸುವಾಗ ಅದರ ಒಟ್ಟು ಖರ್ಚು ನಿಯಮದ ಮಿತಿಯೊಳಗೆ ಕೂರಲಿಲ್ಲ. ಏನು ಮಾಡಿದಿರಿ? ಜನಸಾಮಾನ್ಯರ ತೆರಿಗೆ ಇಳಿಕೆ 2025ರ ಕೊನೆಗೆ ತಾನಾಗಿ ಮುಗಿಯುತ್ತದೆ ಅಂತ ಬರೆದಿರಿ. ಮುಗಿಯುತ್ತದಲ್ಲ, ಹಾಗಾಗಿ ಖರ್ಚು ಕಡಿಮೆ ಕಂಡಿತು. 2025 ಬಂತು. ಅದನ್ನೇ ಕಾಯಂ ಮಾಡಬೇಕು. ಆಗ ಸೆನೆಟ್ಟಿನಲ್ಲಿ ನೀವು ಹೇಳಿದ್ದೇನು? ಇದು ಈಗಾಗಲೇ ಇರುವ ತೆರಿಗೆ, ಮುಂದುವರಿಸಿದರೆ ಹೊಸ ಖರ್ಚೇನೂ ಇಲ್ಲ, ಲೆಕ್ಕಕ್ಕೆ ಸೊನ್ನೆ. ಹೋಗುವಾಗ 'ಮುಗಿಯುತ್ತದೆ' ಅಂತ ಒಂದು ಲಾಭ. ಬರುವಾಗ 'ಮುಗಿಯುವುದೇ ಇಲ್ಲ' ಅಂತ ಇನ್ನೊಂದು ಲಾಭ. ಒಂದೇ ದುಡ್ಡು ಎರಡು ಸಲವೂ ಮಾಯ.

ಆ ವಾರ ಲಾರಿ ಕಂಪನಿಯವನು ನನ್ನ ಮುಂದೆ ಕೂತಿದ್ದ. ಅವನಿಗೆ ಇದನ್ನು ವಿವರಿಸಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ನಾನು ಮೂರು ವರ್ಷಕ್ಕೆ ಅಂತ ಲಾರಿ ಬಾಡಿಗೆಗೆ ತಗೊಂಡು, ಮೂರು ವರ್ಷ ಆದ ಮೇಲೆ ಇನ್ನೂ ಮೂರು ವರ್ಷ ಮುಂದುವರಿಸಿದರೆ ಆ ಬಾಡಿಗೆ ಖರ್ಚಲ್ಲವಾ?" ಅಂದ. ಖರ್ಚೇ ಅಂದೆ. "ಬ್ಯಾಂಕಿಗೆ ಸೊನ್ನೆ ಅಂತ ತೋರಿಸಿದರೆ?" ಅಂದ. ಆಗ ನಿನ್ನ ಜೊತೆ ನನ್ನ ಲೈಸೆನ್ಸೂ ಹೋಗುತ್ತದೆ ಅಂದೆ. ಅವನು ನಗಲಿಲ್ಲ.

ಅದೇ ಜುಲೈನಲ್ಲಿ ಖರ್ಚು ಕಡಿತ ಅಂತ ಇನ್ನೊಂದು ಮಸೂದೆ ಪಾಸು ಮಾಡಿ ಫೋಟೋ ತೆಗೆಸಿಕೊಂಡಿರಿ. ವಿದೇಶಿ ನೆರವು, ಸಾರ್ವಜನಿಕ ರೇಡಿಯೋ ಮತ್ತು ಟಿವಿ, ಎಲ್ಲ ಸೇರಿ 900 ಕೋಟಿ ಡಾಲರ್. ಕೇಳಲು ದೊಡ್ಡದೇ. ಆದರೆ ಆ ವರ್ಷ ಈ ದೇಶ ಬಡ್ಡಿಗೆ ಅಂತ ಕಟ್ಟಿದ್ದು ಸುಮಾರು 97,000 ಕೋಟಿ. ದಿನಕ್ಕೆ 265 ಕೋಟಿಯ ಮೇಲೆ. ನೀವು ಕಡಿದದ್ದು ಮೂರೂವರೆ ದಿನದ ಬಡ್ಡಿ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಅದಕ್ಕೂ ಮುಂಚೆ ಎಲಾನ್ ಮಸ್ಕ್ ಸರ್ಕಾರದ ಖರ್ಚಿನಲ್ಲಿ 2 ಲಕ್ಷ ಕೋಟಿ ಉಳಿಸುತ್ತೇನೆ ಅಂದಿದ್ದರು. ಆಮೇಲೆ ಅದು 1 ಆಯಿತು, ಆಮೇಲೆ ಇನ್ನೂ ಇಳಿಯಿತು. ಗರಗಸ ಹಿಡಿದು ವೇದಿಕೆಯ ಮೇಲೆ ಓಡಾಡಿದ್ದು ಮಾತ್ರ ಎಲ್ಲರಿಗೂ ನೆನಪಿದೆ. ಆ ಸಾಲಿನ ಕೊರತೆ 1.8 ಲಕ್ಷ ಕೋಟಿ. ಹಿಂದಿನ ವರ್ಷವೂ 1.8.

ಕಡಿಯುವ ಜಾಗ ಇಲ್ಲ ಅಂತಲ್ಲ. ಸರ್ಕಾರದ ಲೆಕ್ಕ ನೋಡುವ ಜಿಎಒ ಕಚೇರಿಯೇ ಹೇಳುವ ಪ್ರಕಾರ 2024ರಲ್ಲಿ ತಪ್ಪಾಗಿ ಪಾವತಿಯಾದದ್ದು ಸುಮಾರು 16,200 ಕೋಟಿ ಡಾಲರ್. ಯಾರಿಗೋ ಹೋಗಬೇಕಾದ್ದು ಇನ್ಯಾರಿಗೋ, ಇಲ್ಲವೇ ಜಾಸ್ತಿ, ಇಲ್ಲವೇ ದಾಖಲೆಯೇ ಇಲ್ಲ. ಪೆಂಟಗನ್ 2018ರಲ್ಲಿ ಮೊದಲ ಸಲ ಪೂರ್ತಿ ಆಡಿಟ್ ಮಾಡಿಸಿಕೊಂಡಿತು. 2024ರವರೆಗೆ ಏಳು ಸಲ ಆಡಿಟ್ ಆಗಿದೆ, ಏಳು ಸಲವೂ ಫೇಲು. ಏಳು ಸಲ ಫೇಲಾದ ಹುಡುಗನಿಗೆ ಪಾಕೆಟ್ ಮನಿ ಜಾಸ್ತಿ ಮಾಡುವ ಅಪ್ಪನನ್ನು ನಾನು ನೋಡಿಲ್ಲ. ಸೇನೆ ಬಲವಾಗಿರಬೇಕು ಅನ್ನುವವನು ನಾನೂ ಹೌದು. ಅದಕ್ಕೇ ಕೇಳುತ್ತಿದ್ದೇನೆ. ಬಡ್ಡಿಯ ಖರ್ಚು ಈಗ ಸೇನೆಯ ಖರ್ಚನ್ನು ದಾಟಿದೆ.

ನಾಯಕತ್ವದ ಬಗ್ಗೆ ಒಂದೆರಡು ಮಾತು. ಜಗಳ ಆಡಲು ನಿಮಗೆ ಬರುವುದಿಲ್ಲ ಅಂತಲ್ಲ. ಕೆವಿನ್ ಮೆಕಾರ್ಥಿ ಸ್ಪೀಕರ್ ಆಗಲು 15 ಸಲ ಮತ ಹಾಕಬೇಕಾಯಿತು, ಒಂಬತ್ತು ತಿಂಗಳಿಗೆ ಅವರನ್ನು ಇಳಿಸಿದಿರಿ. ಆಮೇಲೆ ಮೂರು ವಾರ ಸ್ಪೀಕರೇ ಇಲ್ಲ. ಮೈಕ್ ಜಾನ್ಸನ್ ಬಂದರು. ಸಾಲದ ಗೆರೆ ಇವರಿಗೂ ಹಾಗೇ ಇತ್ತು, ಅವರಿಗೂ ಹಾಗೇ ಇತ್ತು. 2025ರ ಅಕ್ಟೋಬರ್ 1ರಿಂದ 43 ದಿನ ಸರ್ಕಾರಕ್ಕೆ ಬೀಗ. ತಪ್ಪು ಯಾರದು ಅನ್ನುವ ಜಗಳ ನನಗೆ ಬೇಡ, ಎದುರು ಪಕ್ಷದ್ದೂ ಅದರಲ್ಲಿ ಬೇಕಾದಷ್ಟಿದೆ. ಆದರೆ ಬೀಗ ಹಾಕಿದರೆ ದುಡ್ಡು ಉಳಿಯುತ್ತದೆ ಅಂತ ಇನ್ನೂ ನಂಬುವ ಗೆಳೆಯರಿದ್ದಾರೆ. ಉಳಿಯುವುದಿಲ್ಲ. ಮನೆಯಲ್ಲಿ ಕೂತ ನೌಕರರಿಗೂ ಆಮೇಲೆ ಹಿಂದಿನ ಸಂಬಳ ಕೊಡಬೇಕು ಅಂತ 2019ರಲ್ಲೇ ಕಾಯ್ದೆ ಆಗಿದೆ. ಆ ಬೀಗದ ನಡುವೆಯೇ ಅಕ್ಟೋಬರಿನಲ್ಲಿ ಸಾಲ 38 ಲಕ್ಷ ಕೋಟಿ ದಾಟಿತು. ಪಾರ್ಕಿನ ಗೇಟು ಮುಚ್ಚಿತ್ತು, ಬಡ್ಡಿಯ ಕೌಂಟರು ತೆರೆದಿತ್ತು.

ಲೆಕ್ಕ ಕೇಳುವವರನ್ನು ನೀವು ನಡೆಸಿಕೊಳ್ಳುವ ರೀತಿಯೂ ಕಾಣುತ್ತದೆ. ನಮ್ಮದೇ ಪಕ್ಷದ, ಕೆಂಟಕಿಯ ಥಾಮಸ್ ಮ್ಯಾಸಿ ಎದೆಯ ಮೇಲೆ ಸಿಕ್ಕಿಸಿಕೊಂಡು ಓಡಾಡುವ ಪುಟ್ಟ ಯಂತ್ರದಲ್ಲಿ ದೇಶದ ಸಾಲ ಕ್ಷಣಕ್ಷಣಕ್ಕೂ ಏರುವುದು ಕಾಣುತ್ತದೆ. ಅವರು ಆ ದೊಡ್ಡ ಮಸೂದೆಗೆ ಇಲ್ಲ ಅಂದರು. ಅವರ ಎಲ್ಲ ಮಾತೂ ನನಗೆ ಒಪ್ಪಿಗೆ ಅಂತಲ್ಲ. ಆದರೆ ನಮ್ಮದೇ ಭಾಷಣದ ಮಾತನ್ನು ನಿಜ ಅಂದುಕೊಂಡು ಮತ ಹಾಕಿದವರನ್ನು ಸೋಲಿಸಬೇಕು ಅಂತ ಅಧ್ಯಕ್ಷರೇ ಹೊರಟರು. ನೀವು ಯಾರೂ ತುಟಿ ಬಿಚ್ಚಲಿಲ್ಲ. ಪುರಾಣ ಹೇಳೋಕೆ, ಬದನೇಕಾಯಿ ತಿನ್ನೋಕೆ. ಪುರಾಣವನ್ನು ನಂಬಿದವನಿಗೆ ಮಾತ್ರ ಶಿಕ್ಷೆ.

ಇಷ್ಟು ಬೈದ ಮೇಲೆ ನನ್ನ ಲೆಕ್ಕವನ್ನೂ ತೆರೆದಿಡಬೇಕು. 2020ರಲ್ಲಿ, ಕೋವಿಡ್ ಪರಿಹಾರ ಅಂತ, ನಮಗೆ 2,400 ಡಾಲರಿನ ಚೆಕ್ ಬಂತು. ಗಂಡನಿಗೆ 1,200, ಹೆಂಡತಿಗೆ 1,200. ಕೆಳಗೆ ಎಡಗಡೆ ಅಧ್ಯಕ್ಷರ ಹೆಸರು ಅಚ್ಚಾಗಿತ್ತು. ನಮಗಿಬ್ಬರಿಗೂ ಕೆಲಸ ಹೋಗಿರಲಿಲ್ಲ. ನನಗಂತೂ ಕೆಲಸ ಜಾಸ್ತಿಯೇ ಆಗಿತ್ತು, ಯಾಕೆಂದರೆ ಗಿರಾಕಿಗಳ ಸಾಲದ ಅರ್ಜಿ ತುಂಬುತ್ತಿದ್ದೆ. ಸಂಬಳ ಕೊಡಲು ಅಂತ ಕೊಟ್ಟ ಆ ಸಾಲ, ಒಟ್ಟು ಸುಮಾರು 80,000 ಕೋಟಿ ಡಾಲರ್, ಬಹುಪಾಲು ಮನ್ನಾ ಆಯಿತು. ಒಬ್ಬ ಗಿರಾಕಿಗೆ ಆ ವರ್ಷ ವ್ಯಾಪಾರ ಇಳಿದೇ ಇರಲಿಲ್ಲ. ನಿಯಮದ ಪ್ರಕಾರ ಅರ್ಜಿ ಸರಿಯಾಗಿತ್ತು, ತುಂಬಿಕೊಟ್ಟೆ. ನನ್ನ ಚೆಕ್ಕನ್ನು ವಾಪಸ್ ಕಳಿಸೋಣ ಅಂತ ಎರಡು ದಿನ ಅಡುಗೆಮನೆಯ ಫ್ರಿಜ್ಜಿನ ಮೇಲೆ ಅಯಸ್ಕಾಂತದಲ್ಲಿ ಸಿಕ್ಕಿಸಿಟ್ಟಿದ್ದೆ. ಮೂರನೇ ದಿನ ಬ್ಯಾಂಕಿಗೆ ಹಾಕಿದೆ. ಹೆಂಡತಿ ಏನೂ ಹೇಳಲಿಲ್ಲ, ಸುಮ್ನೆ ನೋಡಿದಳು.

ಆದ್ದರಿಂದ ನನಗೆ ಗೊತ್ತು, ಈ ಕಾಯಿಲೆ ನಿಮ್ಮೊಬ್ಬರದ್ದೇ ಅಲ್ಲ. ನಿವೃತ್ತರಿಗೆ ಸರ್ಕಾರ ಕೊಡುವ ಪಿಂಚಣಿ ಸೋಶಿಯಲ್ ಸೆಕ್ಯುರಿಟಿ, ಮೆಡಿಕೇರ್ ಎರಡನ್ನೂ ಮುಟ್ಟುವುದಿಲ್ಲ ಅಂತ ನೀವು ಹೇಳಿದಾಗ ಜೋರಾಗಿ ಚಪ್ಪಾಳೆ ತಟ್ಟುವವರು ನನ್ನ ವಯಸ್ಸಿನವರೇ. ಆದರೆ 'ಮುಟ್ಟುವುದಿಲ್ಲ' ಅನ್ನುವುದರ ಅರ್ಥ ನಿಮಗೂ ಗೊತ್ತು. ಟ್ರಸ್ಟಿಗಳ 2025ರ ವರದಿಯ ಪ್ರಕಾರ ನಿವೃತ್ತರ ನಿಧಿ 2033ಕ್ಕೆ ಬರಿದಾಗುತ್ತದೆ. ಆಮೇಲೆ ಬರುವ ತೆರಿಗೆಯಲ್ಲಿ ನೂರಕ್ಕೆ 77ರಷ್ಟು ಮಾತ್ರ ಕೊಡಲು ಸಾಧ್ಯ. ಯಾರೂ ಮುಟ್ಟದಿದ್ದರೆ ತಾನಾಗಿಯೇ ಕಡಿತವಾಗುತ್ತದೆ. ಆಗ ನನಗೆ ಎಪ್ಪತ್ತು. ನನ್ನ ಪಾಲಿನಲ್ಲಿ ಈಗಲೇ ಸ್ವಲ್ಪ ಕಡಿಮೆ ಮಾಡಿ, ಇನ್ನೆರಡು ವರ್ಷ ತಡವಾಗಿ ಕೊಡಿ, ಒಪ್ಪುತ್ತೇನೆ. ಆದರೆ ಅದನ್ನು ನನ್ನ ಮುಖ ನೋಡಿ ಹೇಳುವ ಒಬ್ಬ ನಾಯಕ ಬೇಕು. ಎದುರು ಪಕ್ಷದವರು ಖರ್ಚು ಮಾಡುತ್ತೇವೆ ಅಂತ ಹೇಳಿಯೇ ಖರ್ಚು ಮಾಡುತ್ತಾರೆ. ಅವರಿಗೆ ನಾನು ಮತ ಹಾಕುವುದಿಲ್ಲ, ಆದರೆ ಅವರು ನನಗೆ ಮೋಸ ಮಾಡಿಲ್ಲ.

ನಾನು ಕೇಳುವುದು ಆಕಾಶದ ಹೂವಲ್ಲ. ಬಜೆಟ್ ಒಂದೇ ವರ್ಷದಲ್ಲಿ ಸರಿದೂಗಿಸಿ ಅಂತ ಲೆಕ್ಕ ಗೊತ್ತಿರುವ ಯಾರೂ ಕೇಳುವುದಿಲ್ಲ. ಹನ್ನೆರಡು ಮಸೂದೆಗಳನ್ನು ಒಂದೊಂದಾಗಿ ತನ್ನಿ, ಓದಲು ಮೂರು ದಿನ ಕೊಡಿ, ಹೆಸರು ಹಿಡಿದು ಮತ ಹಾಕಿ. ತೆರಿಗೆ ಇಳಿಸಿದರೆ ಅಷ್ಟೇ ಖರ್ಚು ಎಲ್ಲಿ ಇಳಿಯುತ್ತದೆ ಅಂತ ಅದೇ ಕಾಗದದಲ್ಲಿ ಬರೆಯಿರಿ. ಇಳಿಸಲು ಆಗುವುದಿಲ್ಲವಾ, ಆಗುವುದಿಲ್ಲ ಅಂತ ಹೇಳಿ. ಸೊನ್ನೆ ಅಂತ ಮಾತ್ರ ಹೇಳಬೇಡಿ. ಸೊನ್ನೆಗೆ ನನ್ನ ಕಸುಬಿನಲ್ಲಿ ಒಂದು ಮರ್ಯಾದೆ ಇದೆ.

ನಿಮ್ಮ ಸಮೀಕ್ಷೆಯನ್ನು ತುಂಬಿದ್ದೇನೆ. ಮೊದಲ ಹತ್ತು ಪ್ರಶ್ನೆಗೆ ನಿಮಗೆ ಬೇಕಾದ ಉತ್ತರವೇ ಇದೆ, ಯಾಕೆಂದರೆ ನನ್ನ ಉತ್ತರವೂ ಅದೇ. ಹನ್ನೊಂದನೆಯದರಲ್ಲಿ 'ಇತರೆ' ಅನ್ನುವ ಚೌಕಕ್ಕೆ ಗುರುತು ಹಾಕಿ, ಪಕ್ಕದಲ್ಲಿ ಬರೆದಿದ್ದೇನೆ: 2021ರ ಗುಪ್ತ ಮತದಾನದಲ್ಲಿ ನಮ್ಮ ಪ್ರತಿನಿಧಿ ಯಾವ ಕಡೆ ಇದ್ದರು? ಉತ್ತರ ಬಂದ ದಿನ ಚೆಕ್ ಬರೆಯುತ್ತೇನೆ.

ಲಕೋಟೆಗೆ ಸ್ಟಾಂಪು ನಾನೇ ಹಚ್ಚಿದ್ದೇನೆ.

ಇತಿ,
ಓಹಾಯೋದ ಒಬ್ಬ ಲೆಕ್ಕ ಬರೆಯುವವನು